ಕೆರೆಗೆ ಅನುದಾನ ಕೇಳುವ ಮುನ್ನ

ಒಂದು ಊರಿನ ಕೆಲಸಕ್ಕೆ ಪಂಚಾಯಿತಿ, ಸರ್ಕಾರಿ ಇಲಾಖೆ, ಸ್ವಯಂಸೇವಾ ಸಂಸ್ಥೆ, ಖಾಸಗಿ ಕಂಪನಿ ಮತ್ತು ಊರಿನ ಜನ ಒಟ್ಟಾಗಿ ಹಣ ಕೇಳುವ ಪದ್ಧತಿ ಈಗ ಸಾಮಾನ್ಯವಾಗಿದೆ. ಅನುದಾನ ಕೊಡುವವರು ಕೂಡ ‘ನಿಮ್ಮ ಜೊತೆಗೆ ಯಾರಿದ್ದಾರೆ’ ಎಂದು ಮೊದಲೇ ವಿಚಾರಿಸುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕೆಂದೇ, ಅರ್ಜಿಯ ಕೊನೆಯ ದಿನಾಂಕ ಹತ್ತಿರ ಬಂದಾಗ ನಾಲ್ಕಾರು ಕಡೆಯಿಂದ ಬೆಂಬಲ ಪತ್ರ ತರಿಸಿ ಒಂದು ಕೂಟ ಕಟ್ಟುವುದುಂಟು. ಅಂಥ ಕೂಟ ಹಣ ಮಂಜೂರಾಗುವವರೆಗೆ ಚೆನ್ನಾಗಿಯೇ ಇರುತ್ತದೆ. ಹಣ ಬಂದ ಮೇಲೆ ಖಾತೆ ಯಾರ ಕೈಯಲ್ಲಿರಬೇಕು, ಲೆಕ್ಕ ಯಾರು ಒಪ್ಪಿಸಬೇಕು, ಕೆಲಸ ಕೆಟ್ಟರೆ ಯಾರು ಹೊಣೆ ಎಂಬ ಮಾತು ಬರುತ್ತದೆ, ಅಲ್ಲಿಗೆ ಒಗ್ಗಟ್ಟು ಮುಗಿಯುತ್ತದೆ. ಜಂಟಿ ಅರ್ಜಿಯ ಗೆಲುವು ಸೋಲು ಅರ್ಜಿ ಬರೆಯುವುದಕ್ಕೆ ಎಷ್ಟೋ ತಿಂಗಳು ಮೊದಲೇ ತೀರ್ಮಾನವಾಗಿರುತ್ತದೆ. ಕರ್ನಾಟಕದ ಕೆರೆಗಳ ಪುನಶ್ಚೇತನವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎಂಬುದು ಸರ್ಕಾರಿ ದಾಖಲೆಗಳ ಲೆಕ್ಕ. ಅಚ್ಚುಕಟ್ಟು 40 ಹೆಕ್ಟೇರ್‌ವರೆಗೆ ಇರುವ ಕೆರೆಗಳು ಪಂಚಾಯತ್‌ರಾಜ್ ಸಂಸ್ಥೆಗಳ ಉಸ್ತುವಾರಿಗೆ ಸೇರಿದರೆ, 40ರಿಂದ 2,000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಆದರೆ ಕೆರೆ ಎಂದರೆ ಬರೀ ನೀರು ನಿಲ್ಲುವ ಜಾಗವಲ್ಲ. ನೀರು ಹರಿದು ಬರುವ ಕಾಲುವೆ ಯಾರದೋ ಹೊಲದ ಬದುವಿನಲ್ಲಿ ಹಾದಿರುತ್ತದೆ. ಒತ್ತುವರಿ ಅಳೆದು ಗುರುತಿಸುವ ಅಧಿಕಾರ ಕಂದಾಯ ಇಲಾಖೆಯದು. ಮೀನಿನ ಹಕ್ಕಿನ ಹರಾಜು ಇನ್ನೊಬ್ಬರದು. ಮೇಲ್ಭಾಗದ ಗುಡ್ಡ ಅರಣ್ಯ ಇಲಾಖೆಯ ವ್ಯಾಪ್ತಿಯಲ್ಲಿರಬಹುದು. ತೂಬಿನ ಕೆಳಗೆ ಗದ್ದೆ ಇರುವವರು, ಕೆರೆಯಂಗಳದಲ್ಲಿ ದನ ಮೇಯಿಸುವವರು, ಮಣ್ಣು ಒಯ್ಯುವ ಕುಂಬಾರರು, ಬಟ್ಟೆ ಒಗೆಯುವ ಮಡಿವಾಳರು, ಕೊಳವೆಬಾವಿಗೆ ನೀರು ಇಂಗಲಿ ಎಂದು ಕಾಯುವವರು, ಎಲ್ಲರಿಗೂ ಕೆರೆಯ ಮೇಲೆ ಒಂದೊಂದು ಬಗೆಯ ಹಕ್ಕಿದೆ. ಇವರಲ್ಲಿ ಒಬ್ಬರನ್ನು ಬಿಟ್ಟು ಕೆಲಸ ಮಾಡಿದರೂ ಕೆರೆ ಅರ್ಧ ಮಾತ್ರ ದುರಸ್ತಿಯಾಗುತ್ತದೆ. ಹೂಳು ತೆಗೆದು ಏರಿ ಭದ್ರಪಡಿಸಿದ ಮೇಲೂ, ಕಾಲುವೆಯ ಒತ್ತುವರಿ ತೆರವಾಗದ್ದರಿಂದ ನೀರೇ ಬಾರದ ಕೆರೆಗಳು ಬೇಕಾದಷ್ಟಿವೆ. ಬೇರೆ ಬೇರೆ ವಲಯದವರು ಕೂಡಿ ಅರ್ಜಿ ಹಾಕಬೇಕಾಗಿ ಬರುವುದು ಈ ಕಾರಣಕ್ಕೆ. ದಾನಿಗಳಿಗೆ ಪಾಲುದಾರಿಕೆ ಇಷ್ಟವೋ ಅಲ್ಲವೋ ಎಂಬುದು ಆಮೇಲಿನ ಮಾತು.

ಹಣದ ಮೂಲಗಳಲ್ಲಿ ಈಗ ಹೆಚ್ಚು ಚರ್ಚೆಯಲ್ಲಿರುವುದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ, ಎಲ್ಲರೂ ಕರೆಯುವಂತೆ ಸಿಎಸ್‌ಆರ್‌. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್‌ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ನೀರು, ಮಣ್ಣು, ನಿಸರ್ಗ ಸಂಪತ್ತಿನ ರಕ್ಷಣೆಯೂ ಗ್ರಾಮೀಣ ಅಭಿವೃದ್ಧಿಯೂ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಇರುವುದರಿಂದ ಕೆರೆ ಕೆಲಸಕ್ಕೆ ಅಡ್ಡಿಯಿಲ್ಲ.

ಅಡ್ಡಿ ಇರುವುದು ಹಣ ಪಡೆಯುವವರ ಕಡೆ. ಕಂಪನಿಯ ಪರವಾಗಿ ಕೆಲಸ ಮಾಡುವ ಸಂಸ್ಥೆ 2021ರ ಏಪ್ರಿಲ್‌ನಿಂದ ‘ಸಿಎಸ್‌ಆರ್‌-1’ ನಮೂನೆಯಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಕಂಪನಿಯೇ ಅಥವಾ ಸರ್ಕಾರವೇ ಕಟ್ಟಿದ ಸಂಸ್ಥೆಯಲ್ಲವಾದರೆ ಆದಾಯ ತೆರಿಗೆ ಕಾಯ್ದೆಯ ನೋಂದಣಿಗಳ ಜೊತೆಗೆ ಅಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವವೂ ಇರಬೇಕು. ಊರಿನ ಕೆರೆ ಬಳಕೆದಾರರ ಸಂಘಕ್ಕೆ ಇದಾವುದೂ ಇರುವುದಿಲ್ಲ. ನಿನ್ನೆ ಮೊನ್ನೆ ರಚನೆಯಾದ ಸಮಿತಿಗಂತೂ ಸಾಧ್ಯವೇ ಇಲ್ಲ. ಹೀಗಾಗಿ ಕೆರೆ ಯಾರದೋ ಅವರಿಗೇ ಕೆರೆಯ ಹಣವನ್ನು ಪಡೆಯುವ ಕಾನೂನು ಯೋಗ್ಯತೆ ಎಲ್ಲರಿಗಿಂತ ಕಡಿಮೆ. ಅವರ ಹೆಸರಿನಲ್ಲಿ ಅರ್ಜಿ, ಬೇರೆಯವರ ಖಾತೆಗೆ ಹಣ. ಜಂಟಿ ಅರ್ಜಿಗಳ ಮೂಲ ಸಮಸ್ಯೆ ಇದು. ಇದನ್ನು ಸರಿದೂಗಿಸುವ ಏರ್ಪಾಡನ್ನು ಪಾಲುದಾರರೇ ಮಾಡಿಕೊಳ್ಳಬೇಕು, ಕಾನೂನು ಮಾಡಿಕೊಡುವುದಿಲ್ಲ.

ವಿದೇಶಿ ದೇಣಿಗೆಯ ದಾರಿ ಇನ್ನೂ ಕಿರಿದು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರ ಸೆಪ್ಟೆಂಬರ್‌ನಲ್ಲಿ ಆದ ತಿದ್ದುಪಡಿಯ ಪ್ರಕಾರ, ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ಅದಕ್ಕೆ ಮೊದಲು ಒಂದು ದೊಡ್ಡ ಸಂಸ್ಥೆ ಹಣ ತಂದು ಐದಾರು ಸಣ್ಣ ಸಂಸ್ಥೆಗಳಿಗೆ ಹಂಚಿ, ಲೆಕ್ಕವನ್ನು ತಾನೇ ಕ್ರೋಡೀಕರಿಸಿ ಒಪ್ಪಿಸುತ್ತಿತ್ತು. ತಾಲ್ಲೂಕು ಮಟ್ಟದ ಅನೇಕ ಸಂಸ್ಥೆಗಳಿಗೆ ಬದುಕಲು ಇದ್ದದ್ದು ಅದೊಂದೇ ದಾರಿ. ಈಗ ಪ್ರತಿಯೊಂದು ಸಂಸ್ಥೆಯೂ ಸ್ವಂತ ನೋಂದಣಿ ಮಾಡಿಸಿ ಪ್ರತ್ಯೇಕ ಅರ್ಜಿ ಹಾಕಬೇಕು, ಇಲ್ಲವೇ ಮುಖ್ಯ ಸಂಸ್ಥೆಯೇ ನೇರವಾಗಿ ಖರ್ಚು ಮಾಡಬೇಕು. ಹಣದ ದುರುಪಯೋಗ ತಡೆಯುವ ಉದ್ದೇಶ ಸರಿಯಿರಬಹುದು. ಆದರೆ ಕೂಡಿ ಕೆಲಸ ಮಾಡುವ ಸಣ್ಣವರಿಗೆ ಬಿದ್ದ ಪೆಟ್ಟು ದೊಡ್ಡದು ಎಂಬುದನ್ನು ಹೇಳದೆ ಇರಲಾಗದು.

ಸರ್ಕಾರಿ ಹಣಕ್ಕೆ ಬೇರೆಯದೇ ಶಿಸ್ತಿದೆ. ಕೆಲಸ ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಸೇರಬೇಕು, ಎಸ್‌.ಆರ್‌. ದರದಲ್ಲಿ (ಸರ್ಕಾರಿ ದರಪಟ್ಟಿಯಂತೆ) ಅಂದಾಜು ಪಟ್ಟಿ ತಯಾರಾಗಬೇಕು, ಖರೀದಿ ಪಾರದರ್ಶಕತೆಯ ಕಾಯ್ದೆಗೆ ಒಳಪಡಬೇಕು. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ನಡೆದ ಕೆರೆ ಕಾಮಗಾರಿಗಳಲ್ಲಿ ಗುತ್ತಿಗೆದಾರನಿಗೂ ಕೂಲಿಯವರ ಕೆಲಸ ಕಸಿಯುವ ಯಂತ್ರಕ್ಕೂ ಜಾಗವಿರಲಿಲ್ಲ. ಕಂಪನಿಯ ಹಣ ಸಾಮಾನ್ಯವಾಗಿ ಯಂತ್ರಕ್ಕೇ ಬರುತ್ತದೆ. ಎರಡನ್ನೂ ಒಂದೇ ಕೆಲಸಕ್ಕೆ ಬೆರೆಸಿದರೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪಣೆ ಖಂಡಿತ. ಹೂಳು ತೆಗೆಯುವುದು ಒಬ್ಬರ ಹಣದಲ್ಲಿ, ಕಾಲುವೆ ಬಿಡಿಸುವುದು, ಏರಿಯ ಗಿಡಗಂಟಿ ತೆಗೆಯುವುದು ಇನ್ನೊಬ್ಬರ ಹಣದಲ್ಲಿ ಎಂದು ಕೆಲಸವನ್ನು ತುಂಡು ತುಂಡಾಗಿ ಬೇರ್ಪಡಿಸಿ, ಯಾವ ತುಂಡಿಗೆ ಯಾವ ಖಾತೆ ಎಂದು ಮೊದಲೇ ಬರೆದಿಟ್ಟರೆ ಮಾತ್ರ ಇದು ಸಾಧ್ಯ.

ಕಾಲದ ವಿಷಯದಲ್ಲಿ ಆಗುವ ಎಡವಟ್ಟು ಹಣದ ಎಡವಟ್ಟಿಗಿಂತ ದೊಡ್ಡದು. ಬಯಲುಸೀಮೆಯ ಕೆರೆಯಂಗಳ ಒಣಗಿ ಯಂತ್ರ ಇಳಿಯುವಂತಾಗುವುದು ಫೆಬ್ರುವರಿ ಹೊತ್ತಿಗೆ. ಮುಂಗಾರು ಬಿದ್ದರೆ ಕೆಲಸ ನಿಂತಿತು. ಕಂಪನಿಯ ಲೆಕ್ಕದ ವರ್ಷ ಮಾರ್ಚ್‌ 31ಕ್ಕೆ ಮುಗಿಯುತ್ತದೆ. ಹೊಸ ವರ್ಷದ ಆಯವ್ಯಯಕ್ಕೆ ಒಪ್ಪಿಗೆ ಸಿಕ್ಕಿ, ಒಡಂಬಡಿಕೆಗೆ ಸಹಿ ಬಿದ್ದು ಹಣ ಬರುವಾಗ ಕೆರೆಯಲ್ಲಿ ನೀರು ನಿಂತಿರುತ್ತದೆ. ಹಿಂದಿನ ವರ್ಷದ ಉಳಿಕೆ ಹಣ ಮಾರ್ಚ್‌ ಒಳಗೆ ಖರ್ಚಾಗಬೇಕೆಂದು ಆತುರಪಟ್ಟರೆ, ಸರ್ವೆ ಆಗದ ಕೆರೆಗೆ ಹಿಟಾಚಿ ಇಳಿಯುತ್ತದೆ. ಇದಕ್ಕೆ 2021ರ ಜನವರಿಯ ಸಿಎಸ್‌ಆರ್‌ ನಿಯಮ ತಿದ್ದುಪಡಿಯಲ್ಲಿ ಪರಿಹಾರವಿದೆ. ಕೆಲಸವನ್ನು ‘ಮುಂದುವರಿಯುವ ಯೋಜನೆ’ ಎಂದು ಕಂಪನಿಯ ಮಂಡಳಿ ಗುರುತಿಸಿದರೆ, ಆರಂಭದ ವರ್ಷ ಬಿಟ್ಟು ಇನ್ನು ಮೂರು ವರ್ಷಗಳವರೆಗೆ ಅದು ನಡೆಯಬಹುದು. ವರ್ಷದ ಕೊನೆಗೆ ಉಳಿದ ಹಣವನ್ನು 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿಟ್ಟು ಮುಂದೆ ಬಳಸಬಹುದು. ಕೆರೆ ಕೆಲಸದ ಅರ್ಜಿ ಆರಂಭದಲ್ಲೇ ಈ ಸ್ವರೂಪದಲ್ಲಿ ಹಣ ಕೇಳಬೇಕು. ಮೊದಲ ವರ್ಷ ಸರ್ವೆ, ಸಂಘಟನೆ, ಠರಾವು. ಎರಡನೆಯ ಬೇಸಿಗೆ ಹೂಳು. ಮೂರನೆಯ ವರ್ಷ ಕಾಲುವೆ ಮತ್ತು ತೂಬಿನ ದುರಸ್ತಿ, ನಿರ್ವಹಣೆಯ ತರಬೇತಿ. ಒಂದೇ ವರ್ಷದಲ್ಲಿ ಎಲ್ಲವನ್ನೂ ಮುಗಿಸಿಕೊಡುತ್ತೇವೆ ಎನ್ನುವ ಅರ್ಜಿಯನ್ನು ತಿಳಿದ ದಾನಿ ಅನುಮಾನದಿಂದ ನೋಡುವುದೇ ಸರಿ.

ಊರಿನವರ ಒಪ್ಪಿಗೆ ಏಕೆ ಮೊದಲು ಬೇಕು ಎಂಬುದನ್ನು ಒಂದು ಲೆಕ್ಕ ತೋರಿಸುತ್ತದೆ. ಒಂದು ಮಧ್ಯಮ ಗಾತ್ರದ ಕೆರೆಯಿಂದ 20,000 ಘನ ಮೀಟರ್ ಹೂಳು ತೆಗೆಯಬೇಕು ಎಂದಿಟ್ಟುಕೊಳ್ಳೋಣ. ಅಷ್ಟು ಜಾಗದಲ್ಲಿ ಎರಡು ಕೋಟಿ ಲೀಟರ್ ನೀರು ನಿಲ್ಲುತ್ತದೆ. ಅರ್ಜಿಯಲ್ಲಿ ದಪ್ಪಕ್ಷರದಲ್ಲಿ ಬರುವುದು ಈ ಅಂಕಿ. ಆದರೆ ಟ್ರ್ಯಾಕ್ಟರ್ ಟ್ರೇಲರಿನ ಒಂದು ಲೋಡು ಸುಮಾರು ಮೂರು ಘನ ಮೀಟರ್. ಹಾಗಾದರೆ 6,600ಕ್ಕೂ ಹೆಚ್ಚು ಲೋಡು ಸಾಗಬೇಕು. 20 ಟ್ರ್ಯಾಕ್ಟರ್‌ಗಳು ದಿನಕ್ಕೆ ತಲಾ ಹತ್ತು ಸುತ್ತು ಹೊಡೆದರೂ 33 ದಿನಕ್ಕಿಂತ ಹೆಚ್ಚು ಬೇಕು. ಅಗೆದ ಮಣ್ಣು ಸಡಿಲಾಗಿ ಗಾತ್ರ ಹಿಗ್ಗುವುದರಿಂದ ಸುತ್ತುಗಳು ಇನ್ನೂ ಏರುತ್ತವೆ. ಅಗೆಯುವ ಯಂತ್ರ ಅಷ್ಟು ಹೊತ್ತು ಕಾಯುವುದಿಲ್ಲ, ಅದಕ್ಕೆ ಗಂಟೆಯ ಬಾಡಿಗೆ. ಅಗೆತದ ವೆಚ್ಚ ದಾನಿಯದು, ಸಾಗಾಣಿಕೆ ರೈತರದು ಎಂಬುದು ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ನಡೆದು ಬಂದಿರುವ ಒಳ್ಳೆಯ ಕ್ರಮ. ಗೋಡುಮಣ್ಣು ಹೊಲಕ್ಕೆ ಹಾಕಿದರೆ ಇಳುವರಿ ಹೆಚ್ಚುತ್ತದೆ ಎಂದು ರೈತರಿಗೆ ಗೊತ್ತು. ಆದರೂ ಯಾರ ಹೊಲಕ್ಕೆ ಎಷ್ಟು ಲೋಡು, ಟ್ರ್ಯಾಕ್ಟರ್ ಇಲ್ಲದವರಿಗೆ ಹೇಗೆ, ಎತ್ತಿನ ಗಾಡಿಯವರಿಗೆ ಯಾವ ಸಮಯ, ಇಟ್ಟಿಗೆ ಭಟ್ಟಿಗೆ ಮಣ್ಣು ಮಾರುವುದನ್ನು ತಡೆಯುವವರು ಯಾರು ಎಂಬ ಪಟ್ಟಿ ಊರಿನ ಸಭೆಯಲ್ಲಿ ಸಿದ್ಧವಾಗದಿದ್ದರೆ ಯಂತ್ರ ನಿಂತು ಬಾಡಿಗೆ ಓಡುತ್ತದೆ. ಎಷ್ಟು ಆಳ ಅಗೆಯಬೇಕೆಂಬುದನ್ನೂ ಅನುಭವಿಗಳು ಹೇಳಬೇಕು. ಜೇಡಿಮಣ್ಣಿನ ಪದರ ದಾಟಿ ಅಗೆದರೆ ನೀರು ನಿಲ್ಲದೆ ಸೋರಿಹೋಗುತ್ತದೆ. ಹಳೆಯ ನೀರುಗಂಟಿಗೆ ಇದು ಇಂಜಿನಿಯರಿಗಿಂತ ಚೆನ್ನಾಗಿ ತಿಳಿದಿರುವುದುಂಟು. ಅರ್ಜಿ ಬರೆಯುವ ತಂಡದಲ್ಲಿ ಅವನಿಗೆ ಜಾಗ ಕೊಡುವ ಸಂಸ್ಥೆಗಳು ಕಡಿಮೆ ಎಂಬುದು ಬೇಸರದ ಸಂಗತಿ.

ಮುಖ್ಯ ಸಂಸ್ಥೆಯನ್ನು ಆರಿಸುವಾಗ ದೊಡ್ಡ ಹೆಸರಿಗಿಂತ ಎರಡು ವಿಷಯ ನೋಡಬೇಕು. ಒಂದು, ಆ ಸಂಸ್ಥೆಯ ಲೆಕ್ಕಪತ್ರ ಮತ್ತು ನೋಂದಣಿಗಳು ಅಪ್‌ಡೇಟ್‌ ಆಗಿವೆಯೇ ಎಂಬುದು. 2020ರ ಹಣಕಾಸು ಕಾಯ್ದೆಯ ನಂತರ ತೆರಿಗೆ ವಿನಾಯಿತಿ ನೋಂದಣಿಗಳಿಗೆ ಕಾಲಮಿತಿ ಬಂದಿದೆ, ನವೀಕರಣ ತಪ್ಪಿದರೆ ಮಂಜೂರಾದ ಹಣವೂ ಕೈಗೆ ಬಾರದು. ಇನ್ನೊಂದು, ಅನುದಾನ ಮುಗಿದ ಮೇಲೂ ಆ ಸಂಸ್ಥೆ ಆ ತಾಲ್ಲೂಕಿನಲ್ಲಿ ಇರುತ್ತದೆಯೇ ಎಂಬುದು. ಮೊದಲನೆಯದು ಕಾಗದ ನೋಡಿದರೆ ತಿಳಿಯುತ್ತದೆ. ಎರಡನೆಯದನ್ನು ಊರಿನವರನ್ನು ಕೇಳಿಯೇ ತಿಳಿಯಬೇಕು.

ಪಾಲುದಾರರ ನಡುವಿನ ಒಡಂಬಡಿಕೆಯಲ್ಲಿ ಒಳ್ಳೆಯ ಮಾತುಗಳು ಹೇರಳವಾಗಿರುತ್ತವೆ, ಅಗತ್ಯವಾದವು ಇರುವುದಿಲ್ಲ. ಹಣ ಯಾವ ಕಂತಿನಲ್ಲಿ ಯಾರಿಗೆ, ಬಿಲ್ಲಿಗೆ ಸಹಿ ಹಾಕುವವರು ಯಾರು, ಹಣಬಳಕೆ ಪ್ರಮಾಣಪತ್ರ ತಡವಾದರೆ ಯಾರ ಹೊಣೆ, ಪಿಡಿಒ ವರ್ಗವಾದರೆ ಅಥವಾ ಕಂಪನಿಯ ಅಧಿಕಾರಿ ಬದಲಾದರೆ ಏನು, ಭಿನ್ನಾಭಿಪ್ರಾಯ ಬಂದರೆ ಯಾರ ಮುಂದೆ ತೀರ್ಮಾನ, ಒಬ್ಬರು ಹಿಂದೆ ಸರಿದರೆ ಅರ್ಧ ಆದ ಕೆಲಸ ಏನಾಗಬೇಕು, ಇವನ್ನು ಬರೆದಿಡಬೇಕು. ಕಾನೂನು ಪ್ರಕಾರ ಹಣ ಪಡೆಯಲಾಗದ ಕೆರೆ ಸಂಘಕ್ಕೆ ನ್ಯಾಯ ಸಿಗಬೇಕಾದದ್ದೂ ಇಲ್ಲಿಯೇ. ಕೆಲಸದ ಅಳತೆ ಸರಿಯಿದೆ ಎಂದು ಸಂಘ ಸಹಿ ಹಾಕದೆ ಯಾವ ಬಿಲ್ಲೂ ಪಾವತಿಯಾಗಬಾರದು ಎಂಬ ಒಂದೇ ಷರತ್ತು ಊರಿನವರ ಸ್ಥಾನವನ್ನು ಬದಲಾಯಿಸಬಲ್ಲದು. ಆಗ ಅವರನ್ನು ಉದ್ಘಾಟನೆಯ ದಿನ ಮಾತ್ರ ನೆನೆಸಿಕೊಳ್ಳಲು ಆಗುವುದಿಲ್ಲ. ಒಡಂಬಡಿಕೆ ಕನ್ನಡದಲ್ಲಿರಬೇಕು, ಗ್ರಾಮಸಭೆಯಲ್ಲಿ ಓದಿ ಹೇಳಿ ನಡಾವಳಿಯಲ್ಲಿ ದಾಖಲಾಗಬೇಕು. ಕಂಪನಿಗೆ ಇಂಗ್ಲಿಷ್ ಪ್ರತಿ ಬೇಕಿದ್ದರೆ ಅದು ಎರಡನೆಯ ಪ್ರತಿಯಾಗಿರಲಿ.

ಕೆರೆಯ ಮೇಲೆ ಅಧಿಕಾರ ಇರುವವರ ಲಿಖಿತ ಅನುಮತಿ ಇಲ್ಲದೆ ಕೂಟ ಎಷ್ಟೇ ಗಟ್ಟಿಯಾಗಿದ್ದರೂ ನಿಲ್ಲದು. ಬೆಂಗಳೂರಿನ ಪುಟ್ಟೇನಹಳ್ಳಿ, ಕೈಕೊಂಡರಹಳ್ಳಿ ಕೆರೆಗಳ ಸುತ್ತಲಿನ ನಿವಾಸಿಗಳು ಟ್ರಸ್ಟ್ ಕಟ್ಟಿಕೊಂಡು, ಪಾಲಿಕೆಯೊಂದಿಗೆ ಒಡಂಬಡಿಕೆ ಮಾಡಿಕೊಂಡು, ದಾನಿಗಳಿಂದ ಹಣ ತಂದು ಕೆರೆಗಳನ್ನು ಜೋಪಾನ ಮಾಡಿದ್ದು ದೇಶಕ್ಕೆ ಮಾದರಿಯಾದ ಕೆಲಸ. ಇತ್ತ ಕಂಪನಿಗಳು ಕೆರೆ ದತ್ತು ಪಡೆಯುವುದರ ಬಗ್ಗೆ ನ್ಯಾಯಾಲಯದಲ್ಲಿ ಪ್ರಶ್ನೆ ಎದ್ದಿತು. ಕೆರೆ ಸಾರ್ವಜನಿಕ ಸ್ವತ್ತು, ಅದರ ರಕ್ಷಣೆ ಸರ್ಕಾರದ ಕರ್ತವ್ಯ ಎಂಬ ನೆಲೆಯಲ್ಲಿ 2020ರಲ್ಲಿ ಕರ್ನಾಟಕ ಹೈಕೋರ್ಟ್ ಅಂಥ ಒಡಂಬಡಿಕೆಗಳಿಗೆ ತಡೆ ಒಡ್ಡಿತು. ನ್ಯಾಯಾಲಯದ ಕಾಳಜಿ ಸರಿಯಾದದ್ದೇ. ಹಣ ಕೊಟ್ಟವರು ಕೆರೆಯ ಯಜಮಾನರಾಗಬಾರದು. ಆದರೆ ವರ್ಷಗಳ ಕಾಲ ಕೆರೆ ಕಾದ ನಾಗರಿಕ ಟ್ರಸ್ಟ್‌ಗಳೂ ಅದೇ ಅನಿಶ್ಚಿತತೆಗೆ ಸಿಕ್ಕಿಕೊಂಡವು. ದಾನಿಗೆ ಫಲಕದಲ್ಲಿ ಹೆಸರು ಹಾಕಿಸಿಕೊಳ್ಳುವುದಕ್ಕಿಂತ ಹೆಚ್ಚಿನ ಹಕ್ಕಿಲ್ಲ, ನಿರ್ವಹಣೆಯ ಪಾತ್ರ ಜನರದು, ಸ್ವತ್ತು ಮತ್ತು ಅಂತಿಮ ಹೊಣೆ ಸರ್ಕಾರದ್ದು ಎಂಬ ಮೂರು ಗೆರೆಗಳನ್ನು ಅರ್ಜಿಯ ಹಂತದಲ್ಲೇ ಎಳೆದಿಡುವುದು ಇನ್ನು ಮುಂದೆ ಕೆರೆ ಕೂಟಗಳಿಗೆ ಅನಿವಾರ್ಯ.

ಆಯವ್ಯಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕತ್ತರಿ ಬೀಳುವುದು ಜನರನ್ನು ಒಟ್ಟುಗೂಡಿಸುವ ಖರ್ಚಿಗೆ. ಸಮುದಾಯ ಸಂಘಟಕನ ಸಂಬಳ, ಸಭೆಗಳ ಖರ್ಚು, ಓಡಾಟ, ಲೆಕ್ಕಿಗನ ವೇತನ, ಎಲ್ಲವನ್ನೂ ‘ಆಡಳಿತ ವೆಚ್ಚ’ ಎಂದು ಒಂದೇ ಗಂಟಿಗೆ ಹಾಕಿ ಶೇ 5ರ ಮಿತಿ ತೋರಿಸುವ ಕಂಪನಿ ಅಧಿಕಾರಿಗಳಿದ್ದಾರೆ. ಇದು ನಿಯಮವನ್ನು ತಪ್ಪಾಗಿ ಓದಿದ್ದರ ಫಲ. ಆ ಶೇ 5 ಕಂಪನಿ ತನ್ನೊಳಗೆ ಸಿಎಸ್‌ಆರ್‌ ವಿಭಾಗ ನಡೆಸಲು ಮಾಡುವ ಸಾಮಾನ್ಯ ಆಡಳಿತ ಖರ್ಚಿಗೆ ಹಾಕಿದ ಮಿತಿ. ಯೋಜನೆಯ ರೂಪಣೆ, ಜಾರಿ, ಉಸ್ತುವಾರಿ, ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ಖರ್ಚು ಅದರೊಳಗೆ ಬರುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಅರ್ಜಿದಾರರು ಈ ಮಾತನ್ನು ಗಟ್ಟಿಯಾಗಿ ಹೇಳಬೇಕು. ಹಳ್ಳಿಯಲ್ಲಿ ಹತ್ತಾರು ಸಭೆ ನಡೆಸಿ ಲೋಡಿನ ಪಟ್ಟಿ ಒಪ್ಪಿಸಿದ ಸಂಘಟಕನ ಕೆಲಸ ಹಿಟಾಚಿಯ ಕೆಲಸದಷ್ಟೇ ಕೆರೆ ಕೆಲಸ. ಅವನ ಸಂಬಳವನ್ನು ಮರೆಮಾಚಿ ಬೇರೆ ಬಾಬ್ತಿನಲ್ಲಿ ತೋರಿಸುವಂತೆ ಮಾಡುವ ಅನುದಾನ ಸಂಸ್ಥೆಯನ್ನು ಸುಳ್ಳು ಲೆಕ್ಕಕ್ಕೆ ತಳ್ಳುತ್ತದೆ.

ಜನರ ವಂತಿಗೆಯ ಪ್ರಶ್ನೆ ಸೂಕ್ಷ್ಮವಾದದ್ದು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಶೇ 10ರಷ್ಟನ್ನು ಜನರಿಂದ ನಿರೀಕ್ಷಿಸಿತು. ಗುಡ್ಡಗಾಡಿನಲ್ಲಿ ಮತ್ತು ಪರಿಶಿಷ್ಟರು ಅರ್ಧಕ್ಕಿಂತ ಹೆಚ್ಚಿರುವ ಊರುಗಳಲ್ಲಿ ಶೇ 5. ಮನೆಮನೆಗೆ ನಲ್ಲಿ ಬರುವಲ್ಲಿ ಈ ತತ್ವ ಸರಿಹೊಂದುತ್ತದೆ, ಎಲ್ಲರಿಗೂ ನೀರು ಸಿಗುತ್ತದೆ. ಕೆರೆಯಲ್ಲಿ ಹಾಗಲ್ಲ. ತೂಬಿನ ಬಾಯಲ್ಲಿ ನಾಲ್ಕು ಎಕರೆ ಗದ್ದೆ ಇರುವವನಿಗೂ ಭೂಮಿಯೇ ಇಲ್ಲದ ಕೂಲಿಯವಳಿಗೂ ಒಂದೇ ವಂತಿಗೆ, ಅವಳು ಹಣ ಕೊಡಲಾಗದಿದ್ದರೆ ಶ್ರಮದಾನ ಎಂದರೆ ಅದು ಬಡವರಿಂದ ಸಿರಿವಂತರಿಗೆ ಹರಿಯುವ ಅನುದಾನ. ಅಚ್ಚುಕಟ್ಟಿನ ಎಕರೆ ಲೆಕ್ಕದಲ್ಲಿ ವಂತಿಗೆ ನಿಗದಿಯಾಗಬೇಕು, ಭೂರಹಿತರಿಗೆ ಕೂಲಿ ಸಿಗಬೇಕು, ಮೀನಿನ ಅಥವಾ ಮೇವಿನ ಹಕ್ಕಿನಲ್ಲಿ ಅವರ ಪಾಲು ಬರಹದಲ್ಲಿರಬೇಕು. ದಲಿತ ಕೇರಿಯ ಸಹಿ ಕೊನೆಯಲ್ಲಿ ಪಡೆದ ಅರ್ಜಿಯನ್ನು ಸಮುದಾಯದ ಅರ್ಜಿ ಎನ್ನಲಾಗದು.

ರಾಜ್ಯದ ಹಿಂದಿನ ಅನುಭವದಲ್ಲಿ ಕಲಿಯಬೇಕಾದದ್ದು ಬಹಳವಿದೆ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದ ನಡುವಿನಲ್ಲಿ ಸಣ್ಣ ಉಳಿತಾಯ ಗುಂಪುಗಳನ್ನು ಬೆಳೆಸುತ್ತಿದ್ದಾಗ, 1987ರಲ್ಲಿ ನಬಾರ್ಡ್ ಅದಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಗುಂಪುಗಳು ಹೇಗೆ ನಡೆಯುತ್ತವೆ ಎಂದು ಪ್ರಯೋಗ ಮಾಡಿ ಕಲಿಯುವುದಕ್ಕೆ ಸಿಕ್ಕ ಹಣ ಅದು. ಆ ಕಲಿಕೆಯ ಬಲದಿಂದ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಹೊರಟಿತು, ಇಂದು ಪ್ರತಿ ಹಳ್ಳಿಯಲ್ಲೂ ಇರುವ ಸ್ವಸಹಾಯ ಸಂಘಗಳ ಚಳವಳಿಗೆ ದಾರಿಯಾಯಿತು. ಸಂಸ್ಥೆ, ಅಭಿವೃದ್ಧಿ ಬ್ಯಾಂಕು, ವಾಣಿಜ್ಯ ಬ್ಯಾಂಕು ಮತ್ತು ಹಳ್ಳಿಯ ಹೆಂಗಸರು ಕೂಡಿ ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ. ಆರಂಭದ ಹಣ ಸಣ್ಣದು, ಆದರೆ ಅವಸರವಿಲ್ಲದ ಹಣ.

ವಿಶ್ವಬ್ಯಾಂಕ್ ನೆರವಿನಿಂದ 2001ರಿಂದ 2009ರವರೆಗೆ ಧಾರವಾಡ, ಹಾವೇರಿ, ಚಿತ್ರದುರ್ಗ, ತುಮಕೂರು, ಕೋಲಾರ ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆ ಇನ್ನೊಂದು ಪಾಠ ಕೊಡುತ್ತದೆ. ಇಲಾಖೆ, ಸ್ವಯಂಸೇವಾ ಸಂಸ್ಥೆಗಳು ಮತ್ತು ರೈತರ ಗುಂಪುಗಳು ಕೆಲಸ ಮಾಡಿದರೆ, ಕೆಲಸದ ಫಲವನ್ನು ಅಳೆಯುವ ಹೊಣೆ ಬಾಹ್ಯಾಕಾಶ ಇಲಾಖೆಯ ಆಂಟ್ರಿಕ್ಸ್ ಸಂಸ್ಥೆಗೆ ಇತ್ತು. ಉಪಗ್ರಹ ಚಿತ್ರಗಳಿಂದ ಹಸಿರು ಎಲ್ಲಿ ಹೆಚ್ಚಿತು, ಎಲ್ಲಿ ಇಲ್ಲ ಎಂದು ತಿಳಿಯುತ್ತಿತ್ತು. ಕೆಲಸ ಮಾಡುವವರೂ ಅಳೆಯುವವರೂ ಬೇರೆಯಾಗಿದ್ದರಿಂದ ವರದಿಗೆ ಬೆಲೆ ಬಂತು. ಒಂದು ಊರಿನ ಕೆರೆಗೆ ಉಪಗ್ರಹ ಬೇಕಿಲ್ಲ. ಕೆಲಸಕ್ಕೆ ಮೊದಲು ಕೆರೆಯ ಕೆಳಗಿನ ಹತ್ತು ಬಾವಿಗಳ ನೀರಿನ ಮಟ್ಟ, ಕೆರೆಯಂಗಳದ ಅಳತೆ, ಅಚ್ಚುಕಟ್ಟಿನಲ್ಲಿ ನಿಜವಾಗಿ ನೀರು ಕಂಡ ಎಕರೆ, ಇಷ್ಟನ್ನು ಊರಿನ ಶಾಲೆಯ ಅಥವಾ ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳಿಂದ ಬರೆಸಿಟ್ಟರೆ ಸಾಕು. 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಿಎಸ್‌ಆರ್‌ ಹೊಣೆ ಇರುವ ಕಂಪನಿಗಳು 1 ಕೋಟಿ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು ಮಾತ್ರ ಸ್ವತಂತ್ರವಾಗಿ ಅಳೆಸಬೇಕೆಂಬ ನಿಯಮವಿದೆ. ಸಣ್ಣ ಕೆರೆಗಳು ಅದರೊಳಗೆ ಬರುವುದಿಲ್ಲ. ಆದ್ದರಿಂದ ಅಳತೆಯನ್ನು ಕೂಟವೇ ತನ್ನ ಮೇಲೆ ಹಾಕಿಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೆ ಅರ್ಜಿ ಬರೆಯುವುದು ಕಷ್ಟದ ಕೆಲಸವಲ್ಲ. ಠರಾವು, ಅನುಮತಿ ಪತ್ರ, ಅಂದಾಜು ಪಟ್ಟಿ, ಲೋಡಿನ ಪಟ್ಟಿ, ಬಾವಿಗಳ ಅಳತೆ, ಒಡಂಬಡಿಕೆ, ಇವೇ ಅರ್ಜಿಯ ಒಡಲು. ‘ಸಬಲೀಕರಣ’, ‘ಸುಸ್ಥಿರತೆ’ಯಂಥ ಪದಗಳಿಂದ ಪುಟ ತುಂಬಿಸುವುದಕ್ಕಿಂತ, ಯಾವ ತಿಂಗಳು ಯಾರು ಏನು ಮಾಡುತ್ತಾರೆ ಎಂಬ ಒಂದು ಪುಟ ದಾನಿಗೆ ಹೆಚ್ಚು ಧೈರ್ಯ ಕೊಡುತ್ತದೆ.

ಕೊನೆಯ ಪ್ರಶ್ನೆ ನಿರ್ವಹಣೆಯದು. ಅನುದಾನದಿಂದ ಸಂಬಳ ಪಡೆಯುವವರು ಹೊರಟುಹೋದ ಮೇಲೆ ತೂಬಿನ ಕಸ ತೆಗೆಯುವವರು, ಕೋಡಿಯ ಬಿರುಕು ನೋಡುವವರು ಬೇಕು. ಅದಕ್ಕೆ ವರ್ಷವರ್ಷ ಸ್ವಲ್ಪ ಹಣ ಬೇಕು. ಮೀನಿನ ಹರಾಜಿನಲ್ಲಿ ಒಂದು ಪಾಲು ಕೆರೆ ಸಂಘದ ಖಾತೆಗೆ ಬರಬೇಕೆಂದು ಪಂಚಾಯಿತಿ ಅರ್ಜಿಗೆ ಮೊದಲೇ ಠರಾವು ಮಾಡಿದ್ದರೆ ಈ ಹಣ ತಾನಾಗಿ ಹುಟ್ಟುತ್ತದೆ. ಆಮೇಲೆ ಕೇಳಿದರೆ ಯಾರೂ ಬಿಟ್ಟುಕೊಡುವುದಿಲ್ಲ. ಸಂಘ ಎಂದೋ ಒಂದು ದಿನ ತಾನೇ ಅನುದಾನ ಪಡೆಯುವಂತಾಗಲು ಅದಕ್ಕೆ ನೋಂದಣಿ ಮಾಡಿಸಿ, ಮೂರು ವರ್ಷ ಲೆಕ್ಕ ಬರೆಯುವುದನ್ನು ಕಲಿಸುವುದೂ ಮುಖ್ಯ ಸಂಸ್ಥೆಯ ಹೊಣೆಯಾಗಿ ಅರ್ಜಿಯಲ್ಲಿ ಸೇರಬೇಕು.

ಇವೆಲ್ಲಕ್ಕೂ ಸಮಯ ಬೇಕು, ಸಮಯಕ್ಕೆ ಹಣ ಬೇಕು. ಹೂಳೆತ್ತುವುದಕ್ಕೆ ಲಕ್ಷಾಂತರ ರೂಪಾಯಿ ಕೊಡುವ ಕಂಪನಿಗಳು, ಪ್ರತಿಷ್ಠಾನಗಳು ಮತ್ತು ಸರ್ಕಾರ ಅದಕ್ಕೆ ಮೊದಲಿನ ಒಂದು ವರ್ಷದ ತಯಾರಿಗೂ ಪ್ರತ್ಯೇಕವಾಗಿ ಸಣ್ಣ ಅನುದಾನ ಕೊಡಬೇಕು. ಆ ವರ್ಷದ ಕೊನೆಗೆ ಊರಿನವರು ‘ಈ ಕೆಲಸ ನಮಗೆ ಈಗ ಬೇಡ’ ಎಂದರೂ ಕೊಟ್ಟ ಹಣ ವ್ಯರ್ಥವಾಯಿತೆಂದು ತಿಳಿಯಬಾರದು.